ಹೆರಿಗೆಗೆ ಹೋದ ಠಾಣೆಯ ಬೀಗ

ಎಲ್ಲಕ್ಕೂ ಮೂಲ ಒಂದು ತಗಡಿನ ಪೆಟ್ಟಿಗೆ.

ಮೂರು ವರ್ಷದ ಹಿಂದೆ ಚಿತ್ತಯ್ಯನ ಮೊದಲ ಹೆಂಡತಿ ಬರಗೇರಮ್ಮ ಎರಡು ಹಗಲು ಬೇನೆ ತಿಂದು, ಹೆರಲಾರದೆ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದ ಮೇಲೆ ಎದುರು ಮನೆಯ ಮುರುಗೇಶಪ್ಪ ಅಟ್ಟದ ಮೇಲೆ ಕೈಯಾಡಿಸಿದ. ಅಲ್ಲಿ ಚಿತ್ತಯ್ಯನ ಸರಕಾರಿ ಅಂಗಿಯ ಪೆಟ್ಟಿಗೆ ಇತ್ತು, ಅದಕ್ಕೆ ಬೀಗ ಹಾಕಿತ್ತು. ಹೆರಿಗೆ ತಡವಾದರೆ ಮನೆಯ ಬೀಗಗಳನ್ನೆಲ್ಲ ತೆಗೆಯಬೇಕು, ಗಂಟುಗಳನ್ನೆಲ್ಲ ಬಿಚ್ಚಬೇಕು, ಒಂದು ಮುಚ್ಚಿಕೊಂಡಿದ್ದರೂ ಬಸಿರು ಬಿಡುವುದಿಲ್ಲ ಎಂಬುದು ಆ ಸೀಮೆಯ ನಂಬಿಕೆ. ಮುರುಗೇಶಪ್ಪ ಪೆಟ್ಟಿಗೆಯನ್ನು ಅಂಗಳಕ್ಕೆ ತಂದಿಟ್ಟು, "ಹೇಳಬಾರದು, ಆದ್ರೂ ಹೇಳೋದು ನನ್ನ ಧರ್ಮ" ಎಂದು ಹೇಳಿಯೇಬಿಟ್ಟ. ಊರು ನಂಬಿತು. ಚಿತ್ತಯ್ಯನೂ ನಂಬಿದ. ಅಂದಿನಿಂದ ಅವನು ಆ ಪೆಟ್ಟಿಗೆಯ ಕಡೆ ಮುಖ ಮಾಡಿ ಉಂಡವನಲ್ಲ.

ವಿಧಿಯ ಕುಚೋದ್ಯ ನೋಡಿ, ಅವನಿಗೆ ಅನ್ನ ಹಾಕುತ್ತಿದ್ದದ್ದು ಬೀಗವೇ. ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವಿನ ಮುತ್ತುಗದಕೋಟೆಯಲ್ಲಿ, ಡಿಪ್ಟಿ ಅಮಲ್ದಾರರ ಕಚೇರಿ ಪಕ್ಕದ ಠಾಣೆಯ ಲಾಕಪ್ಪಿಗೆ ಅವನು ಕಾವಲುಗಾರ. ಲಾಕಪ್ಪು ಎಂದರೆ ಒಂದು ಕೋಣೆ, ಒಂದು ಸರಳಿನ ಬಾಗಿಲು, ತೆಂಗಿನಕಾಯಿ ಗಾತ್ರದ ಒಂದು ಬೀಗ. ಕೀಲಿ ಚಿತ್ತಯ್ಯನ ಸೊಂಟದಲ್ಲಿ. ಅವನ ಮನೆ ಠಾಣೆಯ ಹಿಂಗೋಡೆಗೆ ಅಂಟಿಕೊಂಡಂತೆ ಹಿಂದಿನ ಬೀದಿಯಲ್ಲಿತ್ತು.

ಈಗ ಎರಡನೇ ಹೆಂಡತಿ ಕೆಂಚಕ್ಕನಿಗೆ ಬೇನೆ ಶುರುವಾಗಿತ್ತು. ಅವಳಿಗೆ ತವರಿರಲಿಲ್ಲ. ಅವತ್ತು ದಫೇದಾರರೂ ಪೇದೆಗಳೂ ಪೊಲೀಸ್ ಸಾಹೇಬರ ಮೊಕ್ಕಾಮೆಂದು ಹೊಳಲ್ಕೆರೆಗೆ ಹೋಗಿದ್ದರು. ಠಾಣೆಯಲ್ಲಿ ಒಬ್ಬನೇ ಕೈದಿ, ಏಳು ಕುರಿ ಕದ್ದು ಸಿಕ್ಕಿಬಿದ್ದ ರಂಗಪ್ಪ. ಹಿರಿಯೂರು ಕಡೆಯವನೆಂದು ಅವನೇ ಹೇಳಿಕೊಂಡಿದ್ದ. ಮಾರನೆಯ ದಿನ ಅವನನ್ನು ಚಿತ್ರದುರ್ಗದ ಜೈಲಿಗೆ ಸಾಗಿಸಬೇಕಾಗಿತ್ತು. ಚಿತ್ತಯ್ಯ ಅವನಿಗೆ ಮುದ್ದೆ ಕೊಟ್ಟು, ಬೀಗ ಎರಡು ಸಲ ಎಳೆದು ನೋಡಿ, ಮನೆಗೆ ಓಡಿದ.

ಒಳಗೆ ಆಗಲೇ ಮೂವರು ಹೆಂಗಸರು ಸೇರಿದ್ದರು. ಒಬ್ಬಳು ಜುಂಜಮ್ಮ, ಊರ ಸೂಲಗಿತ್ತಿ. ಮಾಡದಕೆರೆ ಕಡೆಯಿಂದ ಎರಡು ವರ್ಷದ ಹಿಂದೆ ಒಂಟಿಯಾಗಿ ಬಂದು ನೆಲೆಸಿದವಳು. ಒಬ್ಬನೇ ಮಗ ಕಾಫಿ ಸೀಮೆಗೆ ಹೋಗಿದ್ದಾನೆಂದು ಹೇಳುತ್ತಿದ್ದಳು. ಇನ್ನೊಬ್ಬಳು ದಾಕ್ಷಾಯಣಮ್ಮ, ಬೆಂಗಳೂರಿನಲ್ಲಿ ಕಲಿತು ಬಂದ ಸರಕಾರಿ ಸೂಲಗಿತ್ತಿ. ಊರವರ ಬಾಯಲ್ಲಿ 'ಆಸ್ಪತ್ರೆಯಮ್ಮ'. ಮೂರನೆಯವಳು ಪಕ್ಕದ ಮನೆಯ ಕಾಳಕ್ಕ. ಅವಳಿಗೆ ಮಕ್ಕಳಿಲ್ಲ, ಮದ್ದು ಗೊತ್ತಿಲ್ಲ. ಕೆಂಚಕ್ಕನ ಬೆನ್ನ ಹಿಂದೆ ಗೋಡೆಗೊರಗಿ ಕೂತು, ಅವಳನ್ನು ಎದೆಗಾನಿಸಿಕೊಂಡು, ಅವಳು ಉಸಿರು ಎಳೆದಾಗ ತಾನೂ ಎಳೆಯುತ್ತ, ಬಿಟ್ಟಾಗ ತಾನೂ ಬಿಡುತ್ತ ಇದ್ದಳು. ಅಷ್ಟೇ ಅವಳ ಕೆಲಸ.

ಬೆಳಿಗ್ಗೆ ಹೊತ್ತಿಗೇ ಮೊದಲ ಜಗಳ ಮುಗಿದಿತ್ತು. ದಾಕ್ಷಾಯಣಮ್ಮ ಘಾಟು ಔಷಧಿ ಬೆರೆಸಿದ ನೀರಿನ ಬೋಗುಣಿಯನ್ನು ಜುಂಜಮ್ಮನ ಮುಂದೆ ತಳ್ಳಿದ್ದಳು.

"ಇನ್ನೂರು ಮಕ್ಕಳನ್ನ ಎತ್ತಿದ ಕೈ ಕಣಮ್ಮ ಇದು!" ಎಂದು ಜುಂಜಮ್ಮ ಸಿಡಿದಳು.

"ಎತ್ತಿದ ಕೈ ಹೌದು ಅಜ್ಜಿ, ಯಾರು ಇಲ್ಲ ಅಂದ್ರು? ಹಂಗೇ ತೊಳೆದ ಕೈನೂ ಆಗ್ಲಿ."

ಜುಂಜಮ್ಮ ಗೊಣಗುತ್ತ ತೊಳೆದಳು. ಆಮೇಲೆ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಮಲಗೈತೆ" ಎಂದಳು. ದಾಕ್ಷಾಯಣಮ್ಮನೂ ಮುಟ್ಟಿ ನೋಡಿ, "ಹೌದು ಅಜ್ಜಿ" ಎಂದಳು. ಆ ಮನೆಯಲ್ಲಿ ಆ ದಿನ ಇಬ್ಬರಿಗೂ ಒಪ್ಪಿಗೆಯಾದ ಮೊದಲ ಮಾತು ಅದು. ಹೊಸ್ತಿಲಾಚೆ ನಿಂತಿದ್ದ ಚಿತ್ತಯ್ಯ ಅದನ್ನು ಕೇಳಿಸಿಕೊಂಡ. ಬರಗೇರಮ್ಮನಿಗೂ ಇದೇ ಕೋಣೆ, ಇದೇ ಚಾಪೆ.

ಜುಂಜಮ್ಮ ಎಣ್ಣೆ ಬಟ್ಟಲಿಗೆ ಹೊರಗೆ ಬಂದವಳು ಅವನನ್ನು ನೋಡಿದಳು.

"ಇಲ್ಯಾಕೆ ನಿಂತಿದ್ದೀಯಾ? ಠಾಣ್ಯಾಗೆ ಯಾರೂ ಇಲ್ಲೇನು?"

"ಒಬ್ಬನೇ ಐದಾನಜ್ಜಿ. ನಾಳೆ ದುರ್ಗಕ್ಕೆ ಕಳಿಸ್ತಾರೆ."

"ಉಂಡನಾ?"

"ಉಂಡ."

"ಯಾರು ಹೆತ್ತ ಮಗನೋ ಏನೋ" ಎಂದು ಅವಳು ಒಳಗೆ ಹೋದಳು. ಸೂಲಗಿತ್ತಿಯರು ಎಲ್ಲರ ವಿಷಯದಲ್ಲೂ ಹಾಗೆಯೇ ಅನ್ನುವುದು.

ಹನ್ನೊಂದು ಗಂಟೆಗೆ ಆಸ್ಪತ್ರೆ ಡಾಕ್ಟರು ಕುದುರೆ ಮೇಲೆ ಬಂದರು. ಗಂಡಸರು ಹೆರಿಗೆ ಕೋಣೆಗೆ ಹೋಗುವಂತಿರಲಿಲ್ಲ. ಆದ್ದರಿಂದ ಜಗಲಿಯ ಮೇಲೆ ಕೂತು, ಜೇಬಿನ ಗಡಿಯಾರ ತೆಗೆದು, ಚರ್ಮದ ಚೀಲದಿಂದ ಒಂದು ಉದ್ದನೆಯ ಇಕ್ಕಳವನ್ನು ಎತ್ತಿ ಪಂಚೆಯ ತುದಿಯಿಂದ ಒರೆಸತೊಡಗಿದರು. ಅದನ್ನು ನೋಡಿ ಬೀದಿಯ ಜನ ಗುಂಪು ಕೂಡಿತು. ಕಮ್ಮಾರ ಸಾಲೆಯಲ್ಲಿ ಕಾದ ನೇಗಿಲ ಕುಳ ಹಿಡಿಯುವ ಇಕ್ಕಳಕ್ಕೂ ಇದಕ್ಕೂ ಏನು ಭೇದವೆಂದು ಮುರುಗೇಶಪ್ಪ ಎಲ್ಲರಿಗೂ ವಿವರಿಸಿದ.

"ಚಿತ್ತಯ್ಯ, ನೋವು ಎಷ್ಟು ನಿಮಿಷಕ್ಕೊಂದು ಸಲ ಬರ್ತಿದೆ, ಕೇಳಿಕೊಂಡು ಬಾ" ಎಂದರು ಡಾಕ್ಟರು.

ಚಿತ್ತಯ್ಯ ಬಾಗಿಲಿಗೆ ಹೋಗಿ ಕೇಳಿದ. ಒಳಗಿನಿಂದ ಜುಂಜಮ್ಮನ ದನಿ ಬಂತು: "ಅವರು ಹೆತ್ತಾಗ ಎಷ್ಟು ನಿಮಿಷಕ್ಕೆ ಬಂದಿತ್ತು, ಮೊದ್ಲು ಅದನ್ನ ಕೇಳ್ಕಂಬಾ!"

ಅವನು ಜಗಲಿಗೆ ಬಂದು, "ಬರ್ತೈತಂತೆ ಸ್ವಾಮಿ" ಎಂದ.

"ಒಳಗೆ ಎಷ್ಟು ಜನ?"

"ಮೂರು ಜನ. ಇಬ್ಬರು ಕೆಲಸ ಮಾಡ್ತಾರೆ. ಕಾಳಕ್ಕ ಸುಮ್ನೆ ಹಿಂದೆ ಕುಂತೈದಾಳೆ."

"ಸುಮ್ಮನೆ ಕೂರುವವಳು ಯಾಕೆ? ಗಾಳಿಗೆ ಅಡ್ಡ. ಹೊರಗೆ ಕಳಿಸು."

ಈ ಆಜ್ಞೆ ಒಳಗೆ ತಲುಪಿದ್ದೇ ತಡ, ಅಷ್ಟು ಹೊತ್ತು ನರಳುತ್ತಿದ್ದ ಕೆಂಚಕ್ಕನಿಗೆ ಎಲ್ಲಿತ್ತೋ ಶಕ್ತಿ. "ಕಾಳಕ್ಕ ಎದ್ರೆ ನಾನೂ ಎದ್ದು ಹೊಕ್ಕೀನಿ! ಹೆರೋರು ಯಾರು ಬೇಕಾದ್ರೂ ಬಂದು ಹೆರ್ಲಿ!" ಎಂದು ಕಿರುಚಿದಳು. ದಾಕ್ಷಾಯಣಮ್ಮ ಬಾಗಿಲ ಸಂದಿಯಿಂದ ಮುಖ ಹಾಕಿ, "ಡಾಕ್ಟ್ರೇ, ಅವಳು ಹಿಡ್ಕಂಡಿರೋದ್ರಿಂದಲೇ ಇವಳು ಗಟ್ಟಿಯಾಗಿದಾಳೆ. ನಮ್ಮಿಬ್ಬರಲ್ಲಿ ಒಬ್ಬರು ಬೇಕಾದರೆ ಎದ್ದು ಬರ್ತೀವಿ, ಅವಳನ್ನ ಎಬ್ಬಿಸಬೇಡಿ" ಎಂದಳು. ಡಾಕ್ಟರು ಗಡಿಯಾರ ನೋಡಿಕೊಂಡು, ಸಂಜೆ ನಾಲ್ಕರೊಳಗೆ ಆಗದಿದ್ದರೆ ಸಂಪ್ರದಾಯ ಗಿಂಪ್ರದಾಯ ನೋಡದೆ ತಾವೇ ಇಕ್ಕಳ ಹಿಡಿದು ಒಳಗೆ ಬರುವುದಾಗಿ ಸಾರಿದರು. ಇಕ್ಕಳಕ್ಕೂ ಸಿಗದಿದ್ದರೆ ಗಾಡಿ ಕಟ್ಟಿ ದುರ್ಗಕ್ಕೆ ಒಯ್ಯಬೇಕು. ದುರ್ಗ ಮುಟ್ಟುವಷ್ಟರಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಎರಡು ಗಂಟೆಯಾಯಿತು. ಕೆಂಚಕ್ಕನ ದನಿ ಕುಗ್ಗುತ್ತ ಬಂತು. ಆಗ ಮುರುಗೇಶಪ್ಪ ಜಗಲಿಯಿಂದ ಇಳಿದ.

"ಹೇಳಬಾರದು ಚಿತ್ತಯ್ಯ, ಆದ್ರೂ ಹೇಳೋದು ನನ್ನ ಧರ್ಮ. ಬೀಗ ಎಲ್ಲಾ ತೆಗ್ದಿದ್ದೀಯಾ?"

ತೆಗೆದಿದ್ದ. ತಗಡಿನ ಪೆಟ್ಟಿಗೆ ಬೆಳಿಗ್ಗೆಯಿಂದ ಅಂಗಳದಲ್ಲಿ ಬಾಯಿ ತೆರೆದು ಕೂತಿತ್ತು. ಆದರೂ ಇನ್ನೊಂದು ಸಲ ಹುಡುಕಾಟ ಶುರುವಾಯಿತು. ಕೋಳಿ ಪಂಜರ ತೆಗೆದರು, ಕೋಳಿಗಳು ಹೋದವು. ಕುರಿ ರೊಪ್ಪದ ಬಾಯಿಗೆ ಅಡ್ಡವಿಟ್ಟ ಮುಳ್ಳುಪಡಿ ಸರಿಸಿದರು, ಕುರಿಗಳು ಹೋದವು. ಅಕ್ಕಪಕ್ಕದವರ ಬೀಗವೂ ತೆಗೆದರೆ ಒಳ್ಳೆಯದೆಂದು ಒಬ್ಬ ಮುದುಕಿ ಹೇಳಿದಳು. ಮುರುಗೇಶಪ್ಪನ ಹೆಂಡತಿ ಗಂಡನ ಮುಖ ನೋಡದೆ ಅವನ ಅಂಗಡಿಯ ಬೀಗ ತೆಗೆದೇಬಿಟ್ಟಳು. ಬೀದಿಯ ಕುರಿಗಳೆಲ್ಲ ಅಂಗಡಿಗೆ ನುಗ್ಗಿ ಕಡಲೆ ಮೂಟೆಗೆ ಬಾಯಿ ಹಾಕಿದವು. ಧರ್ಮ ಹೇಳಿದವನು ಕೋಲು ಹಿಡಿದು ಓಡಿದ.

ಬೀಗ ಮುಗಿದ ಮೇಲೆ ಗಂಟುಗಳ ಸರದಿ. ಬಾವಿಯ ಹಗ್ಗ, ತೊಟ್ಟಿಲ ಹಗ್ಗ, ಹಸುವಿನ ಕಣ್ಣಿ, ಎಲ್ಲ ಬಿಚ್ಚಿದರು. ಡಾಕ್ಟರು ನೋಡುತ್ತಿದ್ದಂತೆಯೇ ಯಾರೋ ಅವರ ಕುದುರೆಯನ್ನೂ ಬಿಚ್ಚಿದರು. ಕೊನೆಗೆ ಎಲ್ಲರ ಕಣ್ಣು ಚಿತ್ತಯ್ಯನ ಸೊಂಟದ ಮೇಲೆ ಬಿತ್ತು.

"ಪಂಚೆ ಗಂಟು!"

ಪಂಚೆಯ ಗಂಟು ಬಿಚ್ಚಿದರು. ಉಡಿದಾರವನ್ನೂ ಬಿಚ್ಚಿದರು. ಚಿತ್ತಯ್ಯ ಎಡಗೈಯಲ್ಲಿ ಪಂಚೆಯನ್ನೂ ಬಲಗೈಯಲ್ಲಿ ಕೀಲಿಯನ್ನೂ ಹಿಡಿದುಕೊಂಡು ನಿಂತ. ಮಾನ ಒಂದು ಕೈಯಲ್ಲಿ, ಸರಕಾರ ಒಂದು ಕೈಯಲ್ಲಿ. ನಗುವ ಹೊತ್ತಾಗಿದ್ದರೆ ಬೀದಿಯೆಲ್ಲ ನಗುತ್ತಿತ್ತು. ಒಳಗಿನಿಂದ ಈಗ ನರಳಾಟವೂ ಕೇಳುತ್ತಿರಲಿಲ್ಲ. ಆ ಮೌನ ಅವನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಕೂತು ಅದನ್ನು ಕೇಳಿದ್ದ.

ಬಾಗಿಲು ತೆರೆಯಿತು. ಜುಂಜಮ್ಮ ಹೊರಗೆ ಬಂದಳು. ಮೊಣಕೈವರೆಗೆ ಒದ್ದೆ, ಮುಖದ ತುಂಬ ಬೆವರು. ಅವನನ್ನು ಗೋಡೆಯ ಮರೆಗೆ ಎಳೆದಳು.

"ಚಿತ್ತಯ್ಯ, ನಿನ್ನ ಮ್ಯಾಲೆ ಇನ್ನೊಂದು ಬೀಗ ಐತೆ."

"ಇಲ್ಲಜ್ಜಿ, ಎಲ್ಲಾ..." ಎನ್ನುತ್ತ ಅವನ ಕಣ್ಣು ತನ್ನ ಬಲಗೈಗೆ ಹೋಯಿತು. "ಅದು ಸರಕಾರದ್ದು ಅಜ್ಜಿ!"

"ಬೀಗ ಸರಕಾರದ್ದು. ಹಾಕಿದ ಕೈ ಯಾರದು?"

ಚಿತ್ತಯ್ಯ ಕೀಲಿಯನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಸುಮ್ನೆ ತಿರುಗಿಸಿ ಬಂದ್ರೆ ಆಗಲ್ಲ. ಕಳಚಿಕೊಂಡು ತಂದು ಈ ಹೊಸ್ತಿಲ ಮ್ಯಾಲಿಡು. ಬಾಗಿಲಿಗೆ ಹಗ್ಗ ಗಿಗ್ಗ ಬಿಗಿದು ಬಂದೀಯಾ, ಅದೂ ಗಂಟೇ."

"ಅಜ್ಜಿ, ಅವ್ನು ಓಡಿಹೋದ್ರೆ ನನ್ನ ಗತಿ?"

ಜುಂಜಮ್ಮ ಒಂದು ಗಳಿಗೆ ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ತಲೆ ಬಗ್ಗಿಸಿ, "ಪೆಟ್ಟಿಗೆ ನೆನೆಸ್ಕ" ಎಂದಳು.

ಅಷ್ಟು ಸಾಕಾಯಿತು. ಚಿತ್ತಯ್ಯ ಪಂಚೆ ಹಿಡಿದುಕೊಂಡು ಠಾಣೆಯ ಕಡೆ ಓಡಿದ.

ರಂಗಪ್ಪ ಸರಳು ಹಿಡಿದು ನಿಂತಿದ್ದ. ಚಿತ್ತಯ್ಯ ಏದುಸಿರು ಬಿಡುತ್ತ ಅವನಿಗೆ ವಿಷಯವೆಲ್ಲ ಹೇಳಿದ. ಕಾವಲುಗಾರ ಕೈದಿಗೆ ಅರ್ಜಿ ಹಾಕಿಕೊಳ್ಳುವುದು ಆ ಠಾಣೆಯಲ್ಲಿ ಅದೇ ಮೊದಲು.

"ಒಂದು ಗಳಿಗೆ ಬೀಗ ಒಯ್ತೀನಪ್ಪ. ಹೆಣ್ಣುಮಗಳ ಜೀವ. ನೀನು ಕದಲಲ್ಲ ಅಂತ ಆಣೆ ಮಾಡು."

"ಅಯ್ಯೋ ಅಣ್ಣ, ನಾನೂ ತಾಯಿ ಹೊಟ್ಟೇಲಿ ಹುಟ್ಟಿದೋನೇ. ಬಾಗಿಲು ತೆಗೆದಿರೋ ತನಕ ಈ ಕೋಣೇಲಿ ಕದಲದೆ ಇರ್ತೀನಿ, ನಮ್ಮವ್ವನಾಣೆ" ಎಂದ ರಂಗಪ್ಪ.

ಕೀಲಿ ತಿರುಗಿತು. ಬೀಗ ಕಳಚಿ ಚಿತ್ತಯ್ಯನ ಬಲಗೈಗೆ ಬಂತು. ಅದೇ ಕ್ಷಣಕ್ಕೆ ಹಿಂಗೋಡೆಯ ಆಚೆಯಿಂದ ಒಂದು ಮಗುವಿನ ಅಳು ಕೇಳಿಸಿತು.

ತೆಳ್ಳಗಿನ, ಸಿಟ್ಟಿನ, ಜೀವದ ಅಳು. ಚಿತ್ತಯ್ಯನಿಗೆ ಲೋಕವೇ ಮರೆತುಹೋಯಿತು. "ತಾಯೀ!" ಎಂದು ಎರಡೂ ಕೈ ಎತ್ತಿ ಮುಗಿದ. ಮುಗಿಯಲು ಎರಡು ಕೈ ಬೇಕು. ಪಂಚೆ ಜಾರಿ ಕಾಲ ಬಳಿ ಬಿತ್ತು. ಅದನ್ನೆತ್ತಲು ಬಗ್ಗಿದಾಗ ರಂಗಪ್ಪ ಮೆತ್ತಗೆ ಅವನ ಪಕ್ಕದಿಂದ ದಾಟಿ ಹೋದ. ಹೋಗುತ್ತ, "ಕೂಸು ಚೆನ್ನಾಗಿರ್ಲಿ ಅಣ್ಣ" ಎಂದು ಹರಸಿಯೂ ಹೋದ.

"ಲೇ! ಹಿಡೀರಿ, ಹಿಡೀರಿ!" ಎಂದು ಚಿತ್ತಯ್ಯ ಬೀದಿಗೆ ಬಂದರೆ ಹಿಡಿಯುವವರು ಯಾರು? ಅರ್ಧ ಊರು ಕುರಿಗಳ ಹಿಂದೆ ಇತ್ತು, ಅರ್ಧ ಊರು ಕೋಳಿಗಳ ಹಿಂದೆ. ಕಟ್ಟು ಬಿಚ್ಚಿ ಬಿಟ್ಟಿದ್ದ ಡಾಕ್ಟರ ಕುದುರೆ ಬೀದಿಯ ತುದಿಯಲ್ಲಿ ಹುಲ್ಲು ಮೇಯುತ್ತ ನಿಂತಿತ್ತು. ರಂಗಪ್ಪ ಅದರ ಬೆನ್ನೇರಿದ್ದನ್ನು ಕಂಡು ಡಾಕ್ಟರು ಇಕ್ಕಳ ಎತ್ತಿ ಬೀಸಿದರು. ಆ ದಿನ ಆ ಇಕ್ಕಳಕ್ಕೆ ಸಿಕ್ಕಿದ ಕೆಲಸ ಅದೊಂದೇ.

ಕಚೇರಿಯ ಮೆಟ್ಟಿಲ ಮೇಲೆ ನಿಂತು ಡಿಪ್ಟಿ ಅಮಲ್ದಾರರು ಇದನ್ನೆಲ್ಲ ನೋಡಿದ್ದರು. ಬಿ.ಎ. ಓದಿದವರು, ಮ್ಯಾಜಿಸ್ಟ್ರೇಟರ ಅಧಿಕಾರವೂ ಅವರದೇ. ಸಂಜೆಯೊಳಗೆ ವಿಚಾರಣೆ ಮುಗಿಯಿತು.

"ಬೀಗಕ್ಕೂ ಬಸಿರಿಗೂ ಏನಯ್ಯ ಸಂಬಂಧ?" ಎಂದು ಗುಡುಗಿದರು. "ರೈಲು ಬಂದಿದೆ, ತಂತಿ ಬಂದಿದೆ, ನಿಮ್ಮ ತಲೆಗೆ ಮಾತ್ರ ಬೆಳಕು ಬರಲಿಲ್ಲ. ನಾಚಿಕೆಯಾಗಬೇಕು. ಮೂರು ತಿಂಗಳು ಸಜಾ!"

ಸಣ್ಣ ಸಜೆಯೆಂದು ದುರ್ಗಕ್ಕೆ ಕಳಿಸಲಿಲ್ಲ. ಅದೇ ಕೋಣೆ, ಅದೇ ಬೀಗ. ಹೊಸ ಕಾವಲುಗಾರನಾಗಿ ತಿಮ್ಮರಾಯಪ್ಪ ಎಂಬುವನು ಬಂದ. ಅಮಲ್ದಾರರು ಬೇಕೆಂದೇ ಮದುವೆಯಾಗದವನನ್ನು ಹುಡುಕಿ ನೇಮಿಸಿದ್ದರು.

ಆದರೂ ಚಿತ್ತಯ್ಯನಿಗೆ ಒಂದು ಸಮಾಧಾನವಿತ್ತು. ತಾನು ಬೀಗ ತೆಗೆದೆ, ಮಗು ಅತ್ತಿತು. ಕೆಂಚಕ್ಕ ಬದುಕಿದಳು. ಮೂರು ತಿಂಗಳೇನು, ಮೂರು ವರ್ಷ ಬೇಕಾದರೂ ಕೂರುತ್ತೇನೆ ಎಂದುಕೊಂಡಿದ್ದ.

ಹತ್ತು ದಿನ ಕಳೆದ ಮೇಲೆ ಕಾಳಕ್ಕ ಸರಳಿನ ಆಚೆ ಬಂದು ಕೂತಳು.

"ಹೆಣ್ಣುಕೂಸು. ನಿನ್ನಂಗೆ ಅಗಲ ಹಣೆ" ಎಂದಳು. ಆಮೇಲೆ ಸೆರಗಿನ ತುದಿ ತಿರುವುತ್ತ ಅಂದಳು: "ಒಂದು ಮಾತು ಹೇಳ್ಬೇಕು ಚಿತ್ತಯ್ಯ. ನೀನು ಠಾಣೆಗೆ ಹೋಗೋಕೆ ಮುಂಚೇನೆ ಕೂಸು ಹುಟ್ಟಿತ್ತು."

"ಏನಂದೆ?"

"ಜುಂಜಜ್ಜಿ ಎಣ್ಣೆ ಕೈಯಲ್ಲಿ ಸವರಿ ಸವರಿ ಕೂಸನ್ನ ತಿರುಗಿಸಿದ್ಳು. ದೇವ್ರಂಥ ಕೈ ಕಣಪ್ಪ ಅದು. ಆದ್ರೆ ಕೂಸು ಹುಟ್ಟಿದಾಗ ಉಸಿರೇ ಇರ್ಲಿಲ್ಲ. ಆಸ್ಪತ್ರೆಯಮ್ಮ ಅದರ ಬಾಯಿಗೆ ಬಾಯಿಟ್ಟು ಊದ್ತಾ, ಬೆನ್ನು ಉಜ್ತಾ ಇದ್ರು. ನಾವೆಲ್ಲ ಉಸಿರು ಹಿಡ್ಕಂಡು ಕುಂತಿದ್ವಿ. ಆಗ ಜುಂಜಜ್ಜಿ ಎದ್ದು, ಕೆಂಚಿ ಪಾದ ಮುಟ್ಟಿ, 'ತಪ್ಪಾತು ಮಗಳೆ, ನಾನೂ ಹೆತ್ತೋಳು' ಅಂದು ಹೊರಗೆ ಹೋದ್ಳು. ನಂಗೆ ಅರ್ಥ ಆಗ್ಲಿಲ್ಲ. ಅವತ್ತಿನಿಂದ ಅವಳ ಗುಡಿಸ್ಲು ಖಾಲಿ. ಕಾಫಿ ಸೀಮೆ ದಾರೀಲಿ ತಾಯಿ ಮಗ ಇಬ್ರನ್ನೂ ಕಂಡೋರಿದಾರೆ."

ಚಿತ್ತಯ್ಯ ಸರಳು ಹಿಡಿದುಕೊಂಡ. ರಂಗಪ್ಪ ಮಾಡಿದ ಆಣೆ ನೆನಪಾಯಿತು. 'ನಮ್ಮವ್ವನಾಣೆ' ಎಂದಿದ್ದ. ಆ ಅವ್ವ ಯಾರೆಂದು ಈಗ ತಿಳಿಯಿತು. ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೇರೆಯೇ ಒಂದು ಪ್ರಶ್ನೆ.

"ಹಂಗಾದ್ರೆ ಕಾಳಕ್ಕ... ಬರಗೇರಮ್ಮ? ಆ ಪೆಟ್ಟಿಗೆ?"

"ಆಸ್ಪತ್ರೆಯಮ್ಮನ್ನ ಕೇಳಿದೆ. ಪೆಟ್ಟಿಗೆಗೂ ಅದಕ್ಕೂ ಏನೂ ಇಲ್ವಂತೆ. ಅವಳದ್ದೂ ಅಡ್ಡ ಕೂಸೇ ಇದ್ದಿರಬೇಕು ಅಂದ್ರು. ತಿರುಗಿಸೋ ಕೈ ಒಂದೂ ಇರ್ಲಿಲ್ಲ ಆವಾಗ."

ಚಿತ್ತಯ್ಯ ಗೋಡೆಗೆ ತಲೆಯಿಟ್ಟು ಅತ್ತ. ಮೂರು ವರ್ಷ ಎದೆಯ ಮೇಲೆ ಹೊತ್ತ ಪೆಟ್ಟಿಗೆ ಅಂದು ಇಳಿಯಿತು. ಇಳಿಯಿತೆಂದು ಹಗುರಾಗಲೂ ಇಲ್ಲ, ಬರಗೇರಮ್ಮ ಹೋದವಳು ಹೋಗಿಯೇ ಇದ್ದಳು. ತಿಮ್ಮರಾಯಪ್ಪ ಪಾಪ ಏನೂ ತಿಳಿಯದೆ ಒಂದು ಚೊಂಬು ನೀರು ತಂದುಕೊಟ್ಟ.

ಅದಾಗಿ ಒಂದೂವರೆ ತಿಂಗಳಿಗೆ, ಒಂದು ಮಧ್ಯಾಹ್ನ, ಅಮಲ್ದಾರರ ಮನೆಯ ಆಳು ಠಾಣೆಗೆ ಓಡಿಬಂದ.

"ತಿಮ್ಮರಾಯಣ್ಣ, ನಮ್ಮ ಅಮ್ಮೋರಿಗೆ ಬೆಳಿಗ್ಗೆಯಿಂದ ಬೇನೆ. ಡಾಕ್ಟ್ರು ಜಗಲೀಲಿ ಕುಂತೈದಾರೆ, ಆಸ್ಪತ್ರೆಯಮ್ಮ ಒಳಗೈದಾರೆ. ಆದ್ರೂ ಯಜಮಾನ್ರ ತಾಯಿ ಹನಿ ನೀರೂ ಕುಡಿವಲ್ರು. ಊರಿನ ಸರಕಾರಿ ಬೀಗ ಎಲ್ಲಾ ನನ್ನ ಮಗನ ಕೈಕೆಳಗಿನವು, ತರಿಸು ಅಂತ ಹಟ ಹಿಡಿದೈದಾರೆ. ಕಚೇರಿದು ತಗಂಡಾಯ್ತು. ಇದೊಂದು ಬಾಕಿ."

"ಯಜಮಾನ್ರು ಏನಂದ್ರು?" ಎಂದು ತಿಮ್ಮರಾಯಪ್ಪ ಕೇಳಿದ.

"ಏನೂ ಅನ್ಲಿಲ್ಲ. ಗೋಡೆ ಕಡೆ ತಿರುಗಿ ನಿಂತ್ಕಂಡ್ರು."

ಮದುವೆಯಾಗದವನನ್ನು ನೇಮಿಸಿದರೂ ಬೀಗ ಮದುವೆಯಾದವರ ಮನೆಗೇ ಹೊರಟಿತು. ತಿಮ್ಮರಾಯಪ್ಪ ಅದನ್ನು ಕಳಚಿ, ಅಳು ಮೋರೆ ಮಾಡಿ ನಿಂತ.

"ಅಣ್ಣಾ, ನೀನು ಹೋದ್ರೆ ನಾಳೆ ಈ ಕೋಣೇಲಿ ನಾನು."

"ಹೋಗು, ನಾನು ಕದಲಲ್ಲ" ಎಂದ ಚಿತ್ತಯ್ಯ. "ಪಂಚೆ ಗಂಟು ಮಾತ್ರ ಯಾರಿಗೂ ಬಿಚ್ಚಾಕೆ ಬಿಡಬ್ಯಾಡ."

ಸಂಜೆಗೆ ಅಮಲ್ದಾರರ ಮನೆಯಲ್ಲಿ ಗಂಡು ಮಗು ಹುಟ್ಟಿತು. ಅಮಲ್ದಾರರ ತಾಯಿಗೆ ಎಷ್ಟು ಸಂತೋಷವಾಯಿತೆಂದರೆ, ಹೆಸರಿಡುವ ತನಕ ಆ ಬೀಗ ತೊಟ್ಟಿಲ ಕೆಳಗಿಂದ ಅಲ್ಲಾಡಕೂಡದೆಂದು ಅಪ್ಪಣೆ ಮಾಡಿದರು. ತಿಮ್ಮರಾಯಪ್ಪ ಬರಿಗೈಯಲ್ಲಿ ಬಂದ. ಎರಡು ದಿನ ಬಾಗಿಲ ಮುಂದೆ ಕೂತು ನೋಡಿದ. ಮೂರನೆಯ ದಿನ ಜ್ವರ ಬಂದು, "ನೀನೇ ನೋಡ್ಕಳಣ್ಣ, ನಿಂಗೆ ಅಭ್ಯಾಸ ಐತೆ" ಎಂದು ಹೇಳಿ ಮನೆಗೆ ಹೋಗಿ ಮಲಗಿದ.

ದಫೇದಾರರೂ ಪೇದೆಗಳೂ ರಂಗಪ್ಪನನ್ನು ಹುಡುಕಿಕೊಂಡು ಹೋದವರು ಇನ್ನೂ ಬಂದಿರಲಿಲ್ಲ. ಕೈದಿಯೂ ಚಿತ್ತಯ್ಯ, ಕಾವಲೂ ಚಿತ್ತಯ್ಯ. ಹಗಲೆಲ್ಲ ಒಳಗಿನಿಂದ ಬಾಗಿಲಿಗೆ ಕಾಲು ಕೊಟ್ಟು ಕೂತಿರುತ್ತಿದ್ದ. ಗಾಳಿ ಬಂದರೆ ಬಾಗಿಲು ತೆರೆದುಕೊಳ್ಳುತ್ತಿತ್ತು, ಮತ್ತೆ ಎಳೆದುಕೊಳ್ಳುತ್ತಿದ್ದ. ಹಿಂಗೋಡೆಯ ಆಚೆ ಅವನ ಮಗಳು ಅಳುವುದು ಕೇಳುತ್ತಿತ್ತು. ಎಳೆಗೂಸನ್ನು ಠಾಣೆಗೆ ತರಬಾರದೆಂದು ಊರ ಹೆಂಗಸರು ತಡೆದಿದ್ದರಿಂದ ಅವಳ ಮುಖವನ್ನು ಅವನು ಇನ್ನೂ ನೋಡಿರಲಿಲ್ಲ. ನಲವತ್ತು ಹೆಜ್ಜೆ. ಹೋಗಿ ಬಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಿಳಿದರೆ ತಿಮ್ಮರಾಯಪ್ಪನ ಗತಿ ಏನೆಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಎಂಟನೆಯ ದಿನ ಅಮಲ್ದಾರರು ಸಕ್ಕರೆ ಹಂಚುತ್ತ ಠಾಣೆಯ ತಪಾಸಣೆಗೆ ಬಂದರು. ಕಾವಲಿನ ಜಾಗ ಖಾಲಿ. ಬಾಗಿಲಿಗೆ ಬೀಗವಿಲ್ಲ. ಒಳಗೆ ಕೈದಿ ಎದ್ದು ನಿಂತು ಕೈಮುಗಿದ.

"ಬೀಗ ಎಲ್ಲಯ್ಯ?" ಎಂದು ರೂಢಿಯಂತೆ ಗುಡುಗಿದರು.

"ತಮ್ಮ ತೊಟ್ಟಿಲ ಕೆಳಗೈತೆ ಸ್ವಾಮಿ."

ಅಮಲ್ದಾರರು ಕಿಟಕಿಯ ಕಡೆ ತಿರುಗಿ ನಿಂತರು. ಆಮೇಲೆ ಸರಳಿನ ಸಂದಿಯಿಂದ ಒಂದು ಚಿಟಿಕೆ ಸಕ್ಕರೆಯನ್ನು ಅವನ ಅಂಗೈಗೆ ಹಾಕಿ, "ಬಾಗಿಲು ಭದ್ರವಾಗಿ ನೋಡಿಕೋ" ಎಂದು ಹೇಳಿ ಹೊರಟುಹೋದರು.

ಚಿತ್ತಯ್ಯ ಸಕ್ಕರೆ ಬಾಯಿಗೆ ಹಾಕಿಕೊಂಡು, ಕೂತು, ಬಾಗಿಲಿಗೆ ಮತ್ತೆ ಕಾಲು ಕೊಟ್ಟ.